ಎಳೆಯ ಮಕ್ಕಳ ವೈರಸ್ ಭೇದಿ: ಗುರುತಿಸುವುದು ಹೇಗೆ, ಮನೆಯಲ್ಲಿ ಉಪಚರಿಸುವುದು ಹೇಗೆ, ಆಸ್ಪತ್ರೆಗೆ ಹೊರಡುವುದು ಯಾವಾಗ

"ಮಗುವಿಗೆ ರಾತ್ರಿಯಿಂದ ನೀರಿನಂತೆ ಭೇದಿಯಾಗುತ್ತಿದೆ, ನಿಲ್ಲಿಸಲು ಯಾವ ಔಷಧಿ ಕೊಡಬೇಕು?" ಎಳೆಯ ಮಕ್ಕಳಿರುವ ಮನೆಗಳಿಂದ ಇಷ್ಟು ಸಲ ಬರುವ ಪ್ರಶ್ನೆ ಬೇರೊಂದಿಲ್ಲ. ಇದಕ್ಕೆ ಒಂದು ಸಾಲಿನಲ್ಲಿ ಉತ್ತರಿಸಿದರೆ ಕೇಳಿದವರಿಗೆ ಸಮಾಧಾನವಾಗುವುದಿಲ್ಲ, ಏಕೆಂದರೆ ವೈರಸ್‌ನಿಂದ ಬಂದ ಭೇದಿಯನ್ನು ತಕ್ಷಣ ನಿಲ್ಲಿಸುವ ಔಷಧಿ ಇಲ್ಲ, ನಿಲ್ಲಿಸುವ ಅಗತ್ಯವೂ ಇಲ್ಲ. ಕರುಳು ತನ್ನಷ್ಟಕ್ಕೆ ತಾನು ಮೂರರಿಂದ ಏಳು ದಿನಗಳಲ್ಲಿ ಸುಧಾರಿಸಿಕೊಳ್ಳುತ್ತದೆ. ಆ ದಿನಗಳಲ್ಲಿ ಮಗುವಿನ ಪ್ರಾಣಕ್ಕೆ ಕುತ್ತು ತರುವುದು ಭೇದಿಯ ಜೊತೆ ಹೊರಹೋಗುವ ನೀರು ಮತ್ತು ಲವಣ. ಅವನ್ನು ಹೋದಷ್ಟು ಪ್ರಮಾಣದಲ್ಲಿ ಮರಳಿ ಕೊಡುತ್ತಿರುವುದೇ ಚಿಕಿತ್ಸೆ. ಈ ಒಂದು ಮಾತು ಮನಸ್ಸಿನಲ್ಲಿದ್ದರೆ ಮುಂದಿನ ಎಲ್ಲ ಹಂತಗಳೂ ಸುಲಭವಾಗಿ ಅರ್ಥವಾಗುತ್ತವೆ.

ಎರಡು ತಿಂಗಳಿಗಿಂತ ಚಿಕ್ಕ ಕೂಸಿಗೆ ಭೇದಿಯಾದರೆ ಈ ಲೇಖನವನ್ನು ಓದುತ್ತ ಕೂರಬೇಡಿ, ಎದೆಹಾಲು ಕುಡಿಸುತ್ತಲೇ ಅದೇ ದಿನ ವೈದ್ಯರಿಗೆ ತೋರಿಸಿ. ಇಲ್ಲಿರುವುದೆಲ್ಲ ಎರಡು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಿಗೆ ಸಂಬಂಧಿಸಿದ್ದು.

ಮೊದಲೇ ಮನೆಯಲ್ಲಿ ಇರಬೇಕಾದವು

ಡಬ್ಲ್ಯುಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) ಸೂತ್ರದ ಒಆರ್‌ಎಸ್ ಪುಡಿಯ ಎರಡು ಪೊಟ್ಟಣ (ಒಆರ್‌ಎಸ್ ಎಂದರೆ ಬಾಯಿಯ ಮೂಲಕ ಕೊಡುವ ಪುನರ್ಜಲೀಕರಣ ಲವಣ), 20 ಮಿಲಿಗ್ರಾಂ ಜಿಂಕ್ ಅಂದರೆ ಸತುವಿನ ಹದಿನಾಲ್ಕು ಮಾತ್ರೆ, ಸರಿಯಾಗಿ 1 ಲೀಟರ್ ಹಿಡಿಯುವ ಒಂದು ಬಾಟಲಿ, 5 ಮಿಲಿ ಹಿಡಿಯುವ ಔಷಧಿಯ ಚಮಚ, ಒಂದು ಜ್ವರಮಾಪಕ, ಸಾಬೂನು. ಇಷ್ಟೇ ಸಾಕು. ಒಆರ್‌ಎಸ್ ಮತ್ತು ಜಿಂಕ್ ನಿಮ್ಮ ಊರಿನ ಆಶಾ ಕಾರ್ಯಕರ್ತೆಯ ಬಳಿ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತವೆ. ಮಗುವಿನ ಇತ್ತೀಚಿನ ತೂಕ ಎಷ್ಟೆಂದು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟಿರಿ. ದ್ರವದ ಲೆಕ್ಕ, ಔಷಧಿಯ ಲೆಕ್ಕ ಎರಡಕ್ಕೂ ಅದು ಬೇಕಾಗುತ್ತದೆ.

ಹಂತ 1: ಇದು ಭೇದಿಯೇ ಎಂದು ಖಚಿತಪಡಿಸಿಕೊಳ್ಳಿ

ಇಪ್ಪತ್ತನಾಲ್ಕು ಗಂಟೆಗಳಲ್ಲಿ ಮೂರು ಅಥವಾ ಅದಕ್ಕಿಂತ ಹೆಚ್ಚು ಸಲ ತೆಳ್ಳಗೆ ಅಥವಾ ನೀರಿನಂತೆ ಹೋದರೆ ಅದನ್ನು ಭೇದಿ ಎನ್ನುತ್ತಾರೆ. ಎಷ್ಟು ಸಲ ಎನ್ನುವುದಕ್ಕಿಂತ ಮಗುವಿನ ದಿನನಿತ್ಯದ ರೂಢಿಗಿಂತ ಎಷ್ಟು ಬದಲಾಗಿದೆ ಎನ್ನುವುದನ್ನು ನೋಡಬೇಕು. ಬರೀ ಎದೆಹಾಲು ಕುಡಿಯುವ ಕೂಸು ದಿನಕ್ಕೆ ಆರೆಂಟು ಸಲ ಸಾಸಿವೆ ಬಣ್ಣದ, ಮೆತ್ತಗಿನ ಮಲ ಮಾಡಿ ನಗುನಗುತ್ತ ಆಡಿಕೊಂಡಿದ್ದರೆ ಅದು ಕಾಯಿಲೆಯಲ್ಲ. ಅದಕ್ಕೆ ಹಾಲು ಬಿಡಿಸುವುದಾಗಲಿ ಔಷಧಿ ಕೊಡುವುದಾಗಲಿ ಬೇಡ. "ಹಲ್ಲು ಬರುವಾಗ ಭೇದಿ ಸಹಜ" ಎಂಬ ಮಾತನ್ನು ನಂಬಿ ಸುಮ್ಮನಿರುವುದು ಇದಕ್ಕೆ ವಿರುದ್ಧವಾದ ತಪ್ಪು. ಹಲ್ಲು ಮೂಡುವ ವಯಸ್ಸಿನಲ್ಲೇ ಮಗು ಅಂಬೆಗಾಲಿಟ್ಟು ನೆಲದ ಮೇಲಿನದನ್ನೆಲ್ಲ ಬಾಯಿಗೆ ಹಾಕಿಕೊಳ್ಳಲು ಶುರುಮಾಡುತ್ತದೆ, ತಾಯಿಯಿಂದ ಬಂದ ರಕ್ಷಣೆಯೂ ಆಗಲೇ ಕಡಿಮೆಯಾಗಿರುತ್ತದೆ. ಭೇದಿಗೆ ಕಾರಣ ಒಳಹೋದ ರೋಗಾಣುವೇ ಹೊರತು ಹಲ್ಲಲ್ಲ.

ಹಂತ 2: ವೈರಸ್‌ನದೋ ಬೇರೆಯದೋ ಎಂದು ಅಂದಾಜಿಸಿ

ಎಳೆಯ ಮಕ್ಕಳ ನೀರುಭೇದಿಗೆ ಬಹುಪಾಲು ಕಾರಣ ವೈರಸ್‌ಗಳು. ರೋಟಾವೈರಸ್, ನೋರೊವೈರಸ್, ಆಸ್ಟ್ರೊವೈರಸ್, ಅಡೆನೊವೈರಸ್‌ನ ಕೆಲವು ಬಗೆಗಳು ಇವುಗಳಲ್ಲಿ ಮುಖ್ಯವಾದವು. ಆರು ತಿಂಗಳಿಂದ ಎರಡು ವರ್ಷದ ಮಕ್ಕಳನ್ನು ಹೆಚ್ಚು ಕಾಡುವ ರೋಟಾವೈರಸ್ ದೇಹ ಹೊಕ್ಕ ಸುಮಾರು ಎರಡು ದಿನಗಳಲ್ಲಿ ತಲೆಯೆತ್ತುತ್ತದೆ. ಮೊದಲು ವಾಂತಿ ಮತ್ತು ಜ್ವರ ಬಂದು, ಒಂದೆರಡು ದಿನಗಳಲ್ಲಿ ವಾಂತಿ ಇಳಿಯುತ್ತಿರುವಾಗ ನೀರಿನಂಥ ಭೇದಿ ಏರುತ್ತದೆ. ನೋರೊವೈರಸ್ ಹನ್ನೆರಡರಿಂದ ನಲವತ್ತೆಂಟು ಗಂಟೆಗಳಲ್ಲಿ ಕಾಣಿಸಿಕೊಂಡು ಸಾಮಾನ್ಯವಾಗಿ ಮೂರು ದಿನಗಳೊಳಗೆ ತಣಿಯುತ್ತದೆ. ಅದು ಮಗುವಿನ ಹಿಂದೆಯೇ ಅಣ್ಣ, ಅಕ್ಕ, ಅಜ್ಜಿ ಎಂದು ಮನೆಮಂದಿಯನ್ನೆಲ್ಲ ಹಿಡಿಯುವುದುಂಟು.

ವೈರಸ್ ಭೇದಿಯಲ್ಲಿ ಮಲ ನೀರಾಗಿರುತ್ತದೆ, ಹಳದಿಯೋ ಹಸಿರೋ ಇರಬಹುದು, ರಕ್ತ ಮಾತ್ರ ಇರುವುದಿಲ್ಲ. ಹಸಿರು ಬಣ್ಣ ಕಂಡು ಹೆದರುವವರು ಬಹಳ. ಮಲ ಕರುಳಿನಲ್ಲಿ ಬೇಗಬೇಗ ಸಾಗಿದಾಗ ಪಿತ್ತರಸದ ಬಣ್ಣ ಬದಲಾಗಲು ಸಮಯ ಸಿಗದೆ ಹಾಗಾಗುತ್ತದೆ, ಅಷ್ಟೆ. ಆದರೆ ವಾಂತಿಯ ಬಣ್ಣ ಹಸಿರಾದರೆ ಅದು ಬೇರೆಯೇ ವಿಷಯ. ಕರುಳು ಎಲ್ಲೋ ಕಟ್ಟಿಕೊಂಡಿರಬಹುದು ಎಂಬ ಸೂಚನೆ ಅದು. ಮಲದಲ್ಲಿ ರಕ್ತ ಕಂಡರೆ ಬ್ಯಾಕ್ಟೀರಿಯಾದಿಂದ ಬರುವ ರಕ್ತಭೇದಿ ಇರಬಹುದು, ಅದಕ್ಕೆ ವೈದ್ಯರೇ ಆ್ಯಂಟಿಬಯಾಟಿಕ್ ಕೊಡಬೇಕಾಗುತ್ತದೆ. ಅಕ್ಕಿ ತೊಳೆದ ನೀರಿನಂತೆ ಲೋಟಗಟ್ಟಲೆ ಹೋಗಿ ಕೆಲವೇ ಗಂಟೆಗಳಲ್ಲಿ ಮಗು ಸೊರಗಿದರೆ, ಅದರಲ್ಲೂ ಅದೇ ಬೀದಿಯ ದೊಡ್ಡವರಿಗೂ ಹಾಗೆಯೇ ಆಗುತ್ತಿದ್ದರೆ, ಕಾಲರಾ ಇರಬಹುದೆಂದು ಭಾವಿಸಿ ಕೂಡಲೇ ಹೊರಡಿ.

ಮಲಪರೀಕ್ಷೆ ಮಾಡಿಸಬೇಕೆ ಎಂದು ಕೇಳುವವರಿದ್ದಾರೆ. ಸಾಮಾನ್ಯ ನೀರುಭೇದಿಗೆ ಅದರ ಅಗತ್ಯವಿಲ್ಲ. ರೋಟಾವೈರಸ್ ಪತ್ತೆ ಮಾಡುವ ಪರೀಕ್ಷೆಗಳಿವೆ, ಆದರೆ ಫಲಿತಾಂಶ ಏನೇ ಬಂದರೂ ಚಿಕಿತ್ಸೆ ಬದಲಾಗುವುದಿಲ್ಲ. ಅದಕ್ಕಿಂತ ತೊಂದರೆ ಕೊಡುವುದು ಸಾಧಾರಣ ಮಲಪರೀಕ್ಷೆಯ ವರದಿಯಲ್ಲಿ ಬರುವ "ಪಸ್ ಸೆಲ್" ಅಂದರೆ ಕೀವುಕಣಗಳ ಸಂಖ್ಯೆ. ಮಲದಲ್ಲಿ ನಾಲ್ಕಾರು ಕೀವುಕಣ ಕಂಡ ಮಾತ್ರಕ್ಕೆ ಅದು ಬ್ಯಾಕ್ಟೀರಿಯಾ ಸೋಂಕು ಎಂದಾಗುವುದಿಲ್ಲ. ಆ ಒಂದು ಸಾಲನ್ನು ನೋಡಿ ಎಷ್ಟೋ ಮಕ್ಕಳಿಗೆ ಬೇಡದ ಆ್ಯಂಟಿಬಯಾಟಿಕ್ ಶುರುವಾಗುತ್ತದೆ.

ಹಂತ 3: ಮಗುವಿನ ಮೈಯಲ್ಲಿ ನೀರೆಷ್ಟು ಉಳಿದಿದೆ ಎಂದು ಅಳೆಯಿರಿ

ಎಲ್ಲ ಹಂತಗಳಲ್ಲಿ ಇದು ಅತಿ ಮುಖ್ಯವಾದದ್ದು, ಇದನ್ನು ದಿನಕ್ಕೆ ಒಂದೇ ಸಲ ನೋಡಿದರೆ ಸಾಲದು. ಭೇದಿ ಜೋರಾಗಿರುವಾಗ ಪ್ರತಿ ಮೂರು ನಾಲ್ಕು ಗಂಟೆಗೊಮ್ಮೆ ನೋಡಬೇಕು. ದೇಹದಲ್ಲಿ ನೀರು ಕಡಿಮೆಯಾಗುವುದಕ್ಕೆ ನಿರ್ಜಲೀಕರಣ ಎನ್ನುತ್ತಾರೆ. ಅದನ್ನು ತಿಳಿಯಲು ನಾಲ್ಕು ಸಂಗತಿಗಳನ್ನು ಗಮನಿಸಿ. ಮಗುವಿನ ಚಟುವಟಿಕೆ ಹೇಗಿದೆ? ಕಣ್ಣು ಗುಳಿಬಿದ್ದಿದೆಯೆ? ನೀರು ಕೊಟ್ಟರೆ ಹೇಗೆ ಕುಡಿಯುತ್ತದೆ? ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರೆ ಎಷ್ಟು ಬೇಗ ಮೊದಲಿನಂತಾಗುತ್ತದೆ?

ಚರ್ಮವನ್ನು ಚಿವುಟುವ ಕ್ರಮ ಹೀಗೆ. ಮಗುವನ್ನು ಅಂಗಾತ ಮಲಗಿಸಿ, ಹೊಕ್ಕುಳಕ್ಕೂ ಪಕ್ಕೆಗೂ ನಡುವೆ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಚರ್ಮವನ್ನು ಉದ್ದುದ್ದಕ್ಕೆ ಹಿಡಿದೆತ್ತಿ, ಒಂದು ಸೆಕೆಂಡ್ ಹಿಡಿದು ಬಿಡಿ. ಉಗುರು ತಾಗಿಸಬೇಡಿ. ಕೂಡಲೇ ಮಟ್ಟಸವಾದರೆ ಸರಿ. ಮಡಿಕೆ ಕ್ಷಣಕಾಲ ನಿಂತು ಮರಳಿದರೆ ನೀರು ಕಡಿಮೆಯಾಗಿದೆ. ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಹಾಗೆಯೇ ನಿಂತರೆ ತೀವ್ರವಾಗಿ ಕಡಿಮೆಯಾಗಿದೆ. ತುಂಬ ಬಡಕಲಾದ ಮಗುವಿನಲ್ಲಿ ನೀರು ಸಾಕಷ್ಟಿದ್ದರೂ ಚರ್ಮ ನಿಧಾನವಾಗಿ ಮರಳಬಹುದು, ಗುಂಡುಗುಂಡಾದ ಮಗುವಿನಲ್ಲಿ ನೀರು ಕಡಿಮೆಯಾಗಿದ್ದರೂ ಬೇಗ ಮರಳಬಹುದು. ಆದ್ದರಿಂದ ಇದೊಂದನ್ನೇ ನಂಬಬೇಡಿ.

ಮಗು ಕಿರಿಕಿರಿ ಮಾಡುತ್ತ, ಸಮಾಧಾನವಾಗದೆ ಅಳುತ್ತ, ಲೋಟ ಕಂಡೊಡನೆ ಆತುರದಿಂದ ಗಟಗಟ ಕುಡಿಯುತ್ತಿದ್ದರೆ, ಕಣ್ಣು ಗುಳಿಬಿದ್ದಿದ್ದರೆ, ಚಿವುಟಿದ ಚರ್ಮ ನಿಧಾನವಾಗಿ ಮರಳಿದರೆ, ಈ ನಾಲ್ಕರಲ್ಲಿ ಯಾವುದಾದರೂ ಎರಡು ಕಂಡರೆ ಸ್ವಲ್ಪ ಮಟ್ಟದ ನಿರ್ಜಲೀಕರಣವಾಗಿದೆ ಎಂದರ್ಥ. ಮಗು ತೂಗಡಿಸುತ್ತ ಕಣ್ಣು ಬಿಡಲಾಗದಂತಿದ್ದರೆ, ಕುಡಿಯಲು ಶಕ್ತಿಯೇ ಇಲ್ಲದಿದ್ದರೆ ಅದು ತೀವ್ರ ನಿರ್ಜಲೀಕರಣ. ಇಲ್ಲಿ ಅನೇಕರು ಮೋಸಹೋಗುತ್ತಾರೆ: ರಾತ್ರಿಯೆಲ್ಲ ಅತ್ತ ಮಗು ಬೆಳಗಿನ ಜಾವಕ್ಕೆ ಸುಮ್ಮನಾದರೆ "ಪಾಪ, ಈಗ ಮಲಗಿತು" ಎಂದು ನಿಟ್ಟುಸಿರು ಬಿಡುತ್ತಾರೆ. ಭೇದಿಯಾಗುತ್ತಿರುವ ಮಗು ಸುಮ್ಮನಾದಾಗ ಅದನ್ನು ಎಬ್ಬಿಸಿ, ಕುಡಿಸಿ ನೋಡಲೇಬೇಕು.

ಕೂಸಿನ ನೆತ್ತಿ ಕುಸಿದಿರುವುದೂ ನೀರು ಕಡಿಮೆಯಾದ ಗುರುತು. ನಮ್ಮ ಅಜ್ಜಿಯಂದಿರು ಇದನ್ನು ಸರಿಯಾಗಿಯೇ ಗುರುತಿಸುತ್ತಿದ್ದರು, ಆದರೆ ನೆತ್ತಿಗೆ ಹರಳೆಣ್ಣೆ ಒತ್ತಿದರೆ ಅದು ಮೇಲೆ ಬರುವುದಿಲ್ಲ. ಬಾಯಿಗೆ ದ್ರವ ಹೋದರೆ ಮಾತ್ರ ಬರುತ್ತದೆ.

ಮೂತ್ರದ ಲೆಕ್ಕ ಇಡಿ. ಕೂಸು ಆರು ಗಂಟೆ, ಸ್ವಲ್ಪ ದೊಡ್ಡ ಮಗು ಎಂಟು ಗಂಟೆ ಮೂತ್ರ ಮಾಡದಿದ್ದರೆ ಅದು ಎಚ್ಚರಿಕೆ. ಡೈಪರ್ ಹಾಕಿದ ಮಗುವಿನಲ್ಲಿ ನೀರುಭೇದಿಯೂ ಮೂತ್ರವೂ ಒಟ್ಟಿಗೆ ಹೀರಿಕೊಂಡು ಯಾವುದು ಯಾವುದೆಂದು ತಿಳಿಯದೆ ಹೋಗುತ್ತದೆ, ಹೀಗಾಗಿ ಈ ಕೆಲವು ದಿನ ಬಟ್ಟೆಯ ಲಂಗೋಟಿ ಒಳ್ಳೆಯದು. ಅಂಗನವಾಡಿಯಲ್ಲಿ ತೂಕ ನೋಡಲು ಸಾಧ್ಯವಾದರೆ ಇನ್ನೂ ಖಚಿತ: 8 ಕಿಲೋ ಇದ್ದ ಮಗು ಒಂದೆರಡು ದಿನಗಳಲ್ಲಿ 400 ಗ್ರಾಂ ಇಳಿದರೆ ಶೇಕಡಾ 5ರಷ್ಟು ನೀರು ಹೋಗಿದೆ, 800 ಗ್ರಾಂ ಇಳಿದರೆ ಶೇಕಡಾ 10ರಷ್ಟು, ಅದು ಪ್ರಾಣಾಪಾಯದ ಮಟ್ಟ.

ಕೂಡಲೇ ಆಸ್ಪತ್ರೆಗೆ ಹೊರಡಬೇಕಾದ ಸಂದರ್ಭಗಳು ಇವು:

- ಮಗು ಎಬ್ಬಿಸಿದರೂ ಸರಿಯಾಗಿ ಎಚ್ಚರಗೊಳ್ಳದಿರುವುದು, ಕುಡಿಯಲು ಅಥವಾ ಎದೆ ಚೀಪಲು ಆಗದಿರುವುದು, ಫಿಟ್ಸ್ ಬರುವುದು
- ಕುಡಿಸಿದ್ದೆಲ್ಲ ವಾಂತಿಯಾಗುತ್ತಿರುವುದು, ವಾಂತಿ ಹಸಿರಾಗಿರುವುದು ಅಥವಾ ಅದರಲ್ಲಿ ರಕ್ತವಿರುವುದು
- ಮಲದಲ್ಲಿ ರಕ್ತ; ಅದರಲ್ಲೂ ಮಗು ಕಾಲು ಮಡಚಿಕೊಂಡು ಬಿಟ್ಟುಬಿಟ್ಟು ಚೀರಿ, ನಡುನಡುವೆ ಬಿಳಿಚಿಕೊಂಡು ಸುಮ್ಮನಾಗುವುದು (ಕರುಳಿನ ಒಂದು ಭಾಗ ಇನ್ನೊಂದರೊಳಗೆ ಸೇರಿಕೊಂಡಾಗ ಹೀಗಾಗುತ್ತದೆ, ಇದಕ್ಕೆ ತುರ್ತು ಚಿಕಿತ್ಸೆ ಬೇಕು)
- ಹೊಟ್ಟೆ ಉಬ್ಬಿ ಬಿಗಿಯಾಗುವುದು, ಉಸಿರಾಟ ವೇಗವಾಗುವುದು
- ಜ್ವರ 39 ಡಿಗ್ರಿ ಸೆಲ್ಸಿಯಸ್ ದಾಟಿ ಇಳಿಯದಿರುವುದು, ಮೂತ್ರ ನಿಂತುಹೋಗುವುದು
- ಮಗು ಮೊದಲಿನಿಂದಲೂ ತೀವ್ರ ಅಪೌಷ್ಟಿಕತೆಯಿಂದ ಬಳಲುತ್ತಿರುವುದು

ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಮಗುವಿಗೆ ಎಚ್ಚರವಿದ್ದು ನುಂಗುವಂತಿದ್ದರೆ ದಾರಿಯುದ್ದಕ್ಕೂ ಒಆರ್‌ಎಸ್ ಗುಟುಕು ಗುಟುಕಾಗಿ ಕೊಡುತ್ತಲೇ ಇರಿ.

ಹಂತ 4: ಒಆರ್‌ಎಸ್ ಸರಿಯಾಗಿ ಕಲಸಿ

ಒಆರ್‌ಎಸ್ ಏಕೆ ಕೆಲಸ ಮಾಡುತ್ತದೆ ಎಂದು ತಿಳಿದರೆ ಅಳತೆ ಏಕೆ ತಪ್ಪಬಾರದು ಎಂಬುದೂ ತಿಳಿಯುತ್ತದೆ. ರೋಟಾವೈರಸ್ ಸಣ್ಣ ಕರುಳಿನ ಒಳಗೋಡೆಯಲ್ಲಿರುವ ಬೆರಳಿನಾಕಾರದ ಸೂಕ್ಷ್ಮ ಚಾಚುಗಳ ತುದಿಯನ್ನು ಹಾಳುಮಾಡುತ್ತದೆ, ಹೀಗಾಗಿ ಕುಡಿದ ಬರೀ ನೀರು ಸರಿಯಾಗಿ ಹೀರಿಕೆಯಾಗುವುದಿಲ್ಲ. ಆದರೆ ಗ್ಲೂಕೋಸ್ ಮತ್ತು ಸೋಡಿಯಂ ಎರಡನ್ನೂ ಜೊತೆಯಾಗಿ ಒಳಕ್ಕೆಳೆದುಕೊಳ್ಳುವ ದಾರಿ ಬಹುಮಟ್ಟಿಗೆ ಉಳಿದಿರುತ್ತದೆ, ಅವುಗಳ ಹಿಂದೆ ನೀರೂ ಬರುತ್ತದೆ. ಎರಡೂ ಸರಿಯಾದ ಪ್ರಮಾಣದಲ್ಲಿದ್ದರೆ ಮಾತ್ರ ಆ ದಾರಿ ತೆರೆಯುತ್ತದೆ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರಿದ್ದ, ಪಶ್ಚಿಮ ಬಂಗಾಳದ ಬಂಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ದ್ರವ ಮುಗಿದುಹೋದಾಗ, ಡಾ. ದಿಲೀಪ್ ಮಹಾಲನಬಿಸ್ ಅವರು ಉಪ್ಪು-ಗ್ಲೂಕೋಸ್ ದ್ರಾವಣವನ್ನು ಡ್ರಮ್ಮುಗಳಲ್ಲಿ ಕಲಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿ ಸಾವಿರಾರು ಜೀವ ಉಳಿಸಿದರು. ಅಂದರೆ ಈ ಚಿಕಿತ್ಸೆಯನ್ನು ಮನೆಯವರ ಕೈಯಿಂದಲೇ ಮಾಡಬಹುದು ಎಂದು ಅಲ್ಲಿ ತೋರಿಬಂತು.

ಈಗಿನ ಸೂತ್ರ 2002ರದು. 1 ಲೀಟರ್ ನೀರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸೋಡಿಯಂ ಸಿಟ್ರೇಟ್, ಒಟ್ಟು 20.5 ಗ್ರಾಂ. ಕೈ ತೊಳೆದುಕೊಂಡು, ಕುದಿಸಿ ಆರಿಸಿದ ಅಥವಾ ಶುದ್ಧೀಕರಿಸಿದ 1 ಲೀಟರ್ ನೀರಿಗೆ ಇಡೀ ಪೊಟ್ಟಣವನ್ನು ಒಂದೇ ಸಲ ಹಾಕಿ ಕರಗಿಸಿ, ಮುಚ್ಚಿಡಿ. ಇಪ್ಪತ್ತನಾಲ್ಕು ಗಂಟೆಗಳ ನಂತರ ಉಳಿದದ್ದನ್ನು ಚೆಲ್ಲಿ ಹೊಸದಾಗಿ ಕಲಸಿ.

ಇಲ್ಲಿ ಆಗುವ ತಪ್ಪುಗಳನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಒಳ್ಳೆಯ ಔಷಧಿ ಅಪಾಯವಾಗುವುದು ಇಲ್ಲಿಯೇ. ಅಂಗಡಿಯಲ್ಲಿ 1 ಲೀಟರಿನ ದೊಡ್ಡ ಪೊಟ್ಟಣವೂ 200 ಮಿಲಿಯ ಚಿಕ್ಕ ಪೊಟ್ಟಣವೂ ಸಿಗುತ್ತವೆ, ಎಷ್ಟು ನೀರಿಗೆ ಎಂದು ಪೊಟ್ಟಣದ ಮೇಲೆ ಓದಿಯೇ ಕಲಸಿ. ದೊಡ್ಡ ಪೊಟ್ಟಣವನ್ನು ಒಂದು ಲೋಟ ನೀರಿಗೆ ಕಲಸಿ ಕುಡಿಸಿದರೆ ರಕ್ತದಲ್ಲಿ ಸೋಡಿಯಂ ವಿಪರೀತ ಏರಿ ಮಗುವಿಗೆ ಫಿಟ್ಸ್ ಬರಬಹುದು. ದೊಡ್ಡ ಪೊಟ್ಟಣದಿಂದ ಸ್ವಲ್ಪ ಸ್ವಲ್ಪ ಪುಡಿ ತೆಗೆದು ಅಂದಾಜಿನಲ್ಲಿ ಬೆರೆಸುವುದೂ ಸರಿಯಲ್ಲ, ಉಪ್ಪು ಮತ್ತು ಗ್ಲೂಕೋಸ್ ಪ್ರತಿ ಚಮಚದಲ್ಲೂ ಒಂದೇ ಪ್ರಮಾಣದಲ್ಲಿ ಬರುವುದಿಲ್ಲ. ರುಚಿಗೆಂದು ಸಕ್ಕರೆ ಸೇರಿಸಬೇಡಿ, ಹಾಲಿಗೋ ಹಣ್ಣಿನ ರಸಕ್ಕೋ ಬೆರೆಸಬೇಡಿ, ಕಲಸಿದ ಮೇಲೆ ಕುದಿಸಬೇಡಿ.

ಇನ್ನೊಂದು ತಪ್ಪು, ಪೆಟ್ಟಿಗೆಯಲ್ಲಿ ಬರುವ ಸಿಹಿ ಪಾನೀಯವನ್ನು ಒಆರ್‌ಎಸ್ ಎಂದು ತಿಳಿದು ತರುವುದು. ಹಲವು ವರ್ಷ ಅಂಥ ಪಾನೀಯಗಳು ಹೆಸರಿನಲ್ಲಿ ಒಆರ್‌ಎಸ್ ಎಂಬ ಅಕ್ಷರಗಳನ್ನು ಇಟ್ಟುಕೊಂಡೇ ಔಷಧಿ ಅಂಗಡಿಗಳಲ್ಲಿ ಮಾರಾಟವಾದವು. ಡಬ್ಲ್ಯುಎಚ್‌ಒ ಸೂತ್ರಕ್ಕೆ ಹೊಂದದ ಪಾನೀಯಗಳು ಆ ಹೆಸರನ್ನು ಬಳಸಬಾರದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ಅವುಗಳಲ್ಲಿ ಸಕ್ಕರೆ ಹೆಚ್ಚು, ಲವಣ ಕಡಿಮೆ. ಹೆಚ್ಚಿನ ಸಕ್ಕರೆ ಕರುಳಿನೊಳಕ್ಕೆ ಮತ್ತಷ್ಟು ನೀರನ್ನು ಸೆಳೆದು ಭೇದಿಯನ್ನು ಹೆಚ್ಚಿಸುತ್ತದೆ. ತಂಪು ಪಾನೀಯ, ಬರೀ ಗ್ಲೂಕೋಸ್ ಪುಡಿ, ಡಬ್ಬಿಯ ಜ್ಯೂಸ್‌ಗಳದ್ದೂ ಇದೇ ಕಥೆ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ ಇರುವುದರಿಂದ ಒಆರ್‌ಎಸ್ ಜೊತೆಗೆ ಕೊಡಬಹುದು, ಅದರ ಬದಲಾಗಿ ಅಲ್ಲ.

ರಾತ್ರಿ ಹೊತ್ತು ಪೊಟ್ಟಣ ಸಿಗದಿದ್ದರೆ 1 ಲೀಟರ್ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಮಟ್ಟಸವಾದ ಅರ್ಧ ಟೀ ಚಮಚ ಉಪ್ಪು ಹಾಕಿ ಕಲಸಿ ಶುರುಮಾಡಿ. ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಮತ್ತೆ ಕಲಸಿ. ಬೆಳಗಾಗುತ್ತಲೇ ಪೊಟ್ಟಣ ತನ್ನಿ.

ಹಂತ 5: ಕುಡಿಸುವ ಕ್ರಮ ಮತ್ತು ಪ್ರಮಾಣ

ನಿರ್ಜಲೀಕರಣದ ಗುರುತು ಇನ್ನೂ ಕಾಣದಿದ್ದರೆ, ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿಲಿ, ಎರಡು ವರ್ಷ ಮೇಲ್ಪಟ್ಟ ಮಗುವಿಗೆ 100ರಿಂದ 200 ಮಿಲಿ ಒಆರ್‌ಎಸ್ ಕೊಡಿ. ಇದರ ಜೊತೆಗೆ ಆರು ತಿಂಗಳು ದಾಟಿದ ಮಗುವಿಗೆ ಉಪ್ಪು ಬೆರೆಸಿದ ಅಕ್ಕಿ ಗಂಜಿ, ಮಜ್ಜಿಗೆ, ಬೇಳೆಕಟ್ಟು, ಕಾಯಿಸಿ ಆರಿಸಿದ ನೀರು ಕೊಡಬಹುದು. ಆರು ತಿಂಗಳೊಳಗಿನ, ಎದೆಹಾಲು ಮಾತ್ರ ಕುಡಿಯುವ ಕೂಸಿಗೆ ಎದೆಹಾಲು ಮತ್ತು ಒಆರ್‌ಎಸ್ ಬಿಟ್ಟು ಬೇರೇನೂ ಬೇಡ.

ಸ್ವಲ್ಪ ನಿರ್ಜಲೀಕರಣದ ಗುರುತು ಕಂಡರೆ ಆರೋಗ್ಯ ಕೇಂದ್ರದಲ್ಲಿ, ಸಿಬ್ಬಂದಿಯ ಕಣ್ಣೆದುರು, ತೂಕದ ಪ್ರತಿ ಕಿಲೋಗೆ 75 ಮಿಲಿಯಂತೆ ನಾಲ್ಕು ಗಂಟೆಗಳಲ್ಲಿ ಕುಡಿಸುತ್ತಾರೆ. 8 ಕಿಲೋ ಮಗುವಿಗೆ ಅದು 600 ಮಿಲಿ ಆಗುತ್ತದೆ. ಅಷ್ಟೊಂದು ಹೇಗೆ ಕುಡಿಸುವುದು ಎಂದು ಗಾಬರಿಯಾಗುವುದು ಸಹಜ, ಆದರೆ ಲೆಕ್ಕ ಹಾಕಿದರೆ ಎರಡು ನಿಮಿಷಕ್ಕೆ 5 ಮಿಲಿಯ ಒಂದು ಚಮಚ ಮಾತ್ರ. ಅಮ್ಮ ದಣಿದರೆ ಅಪ್ಪ, ಅಪ್ಪ ದಣಿದರೆ ಅಜ್ಜಿ, ಹೀಗೆ ಪಾಳಿಯ ಮೇಲೆ ಕೂತು ಕುಡಿಸಬೇಕು. ನಾಲ್ಕು ಗಂಟೆಯಾದ ಮೇಲೆ ಮತ್ತೆ ಹಂತ 3ರಂತೆ ಪರೀಕ್ಷಿಸುತ್ತಾರೆ.

ಕುಡಿಸಲು ಚಮಚ, ಲೋಟ ಅಥವಾ ಒಳಲೆ ಬಳಸಿ. ನಿಪ್ಪಲ್ ಬಾಟಲಿಯನ್ನು ಸ್ವಚ್ಛವಾಗಿಡುವುದು ಕಷ್ಟ, ಬಾಯಾರಿದ ಮಗು ಅದರಿಂದ ಒಂದೇ ಉಸಿರಿಗೆ ಎಳೆದು ವಾಂತಿ ಮಾಡಿಕೊಳ್ಳುತ್ತದೆ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಇನ್ನೂ ನಿಧಾನವಾಗಿ ಮತ್ತೆ ಶುರುಮಾಡಿ. "ಏನು ಕೊಟ್ಟರೂ ಕಕ್ಕುತ್ತದೆ" ಎಂದು ಕೈಬಿಡುವ ಮನೆಗಳಲ್ಲಿ ಬಹಳ ಸಲ ನಡೆದಿರುವುದು ಅರ್ಧ ಲೋಟವನ್ನು ಒಟ್ಟಿಗೆ ಕುಡಿಸಿದ್ದು. ಚಮಚ ಚಮಚವಾಗಿ ಕೊಟ್ಟರೆ ವಾಂತಿಯ ನಡುವೆಯೂ ಬಹುಪಾಲು ಒಳಗೇ ಉಳಿಯುತ್ತದೆ. ಒಆರ್‌ಎಸ್ ಕುಡಿಸಿದ ಮೇಲೆ ಭೇದಿ ಕಡಿಮೆಯಾಗಲಿಲ್ಲ ಎಂದು ನಿಲ್ಲಿಸಬೇಡಿ. ಕಣ್ಣು ತೇವವಾಗಿ, ಮೂತ್ರ ಬಂದು, ಮಗು ಆಡತೊಡಗಿದರೆ ಅದು ಕೆಲಸ ಮಾಡಿದೆ.

ಹಂತ 6: ಜಿಂಕ್, ಹದಿನಾಲ್ಕೂ ದಿನ

ಎರಡರಿಂದ ಆರು ತಿಂಗಳ ಕೂಸಿಗೆ ದಿನಕ್ಕೆ 10 ಮಿಲಿಗ್ರಾಂ (ಅರ್ಧ ಮಾತ್ರೆ), ಆರು ತಿಂಗಳು ದಾಟಿದ ಮೇಲೆ 20 ಮಿಲಿಗ್ರಾಂ (ಒಂದು ಮಾತ್ರೆ), ದಿನಕ್ಕೊಂದು ಸಲ. ಕೂಸಿಗೆ ಒಂದು ಚಮಚ ಎದೆಹಾಲಿನಲ್ಲಿ, ದೊಡ್ಡ ಮಗುವಿಗೆ ಕುಡಿಯುವ ನೀರಿನಲ್ಲಿ ಕರಗಿಸಿ ಕೊಡಿ. ಜಿಂಕ್ ಕರುಳಿನ ಗಾಯ ಮಾಯಲು ನೆರವಾಗಿ ಭೇದಿಯ ಅವಧಿಯನ್ನು ಕಡಿಮೆ ಮಾಡುತ್ತದೆ, ಮುಂದಿನ ಎರಡು ಮೂರು ತಿಂಗಳು ಮತ್ತೆ ಭೇದಿ ಬರುವ ಸಂಭವವನ್ನೂ ತಗ್ಗಿಸುತ್ತದೆ. ನಾಲ್ಕನೆಯ ದಿನ ಭೇದಿ ನಿಂತಿತೆಂದು ಉಳಿದ ಮಾತ್ರೆಗಳನ್ನು ಗೂಡಿನಲ್ಲಿ ಮರೆತುಬಿಡುವುದರಿಂದ ಈ ಎರಡನೆಯ ಲಾಭ ಕೈತಪ್ಪುತ್ತದೆ.

ಹಂತ 7: ಊಟ ನಿಲ್ಲಿಸಬೇಡಿ

"ಹೊಟ್ಟೆಗೆ ಹಾಕಿದಷ್ಟೂ ಹೋಗುತ್ತದೆ, ಲಂಘನ ಮಾಡಿಸಿ" ಎಂಬ ಹಿರಿಯರ ಸಲಹೆ ಪ್ರೀತಿಯಿಂದಲೇ ಬರುತ್ತದೆ, ಆದರೆ ಅದು ಮಗುವಿಗೆ ಹಾನಿ ಮಾಡುತ್ತದೆ. ಹಾಳಾದ ಕರುಳಿನ ಗೋಡೆ ಮತ್ತೆ ಬೆಳೆಯಲು ಆಹಾರವೇ ಬೇಕು. ಎದೆಹಾಲನ್ನು ಎಂದಿಗಿಂತ ಹೆಚ್ಚು ಸಲ ಕೊಡಿ. ಮೊದಲಿನಿಂದ ಕುಡಿಯುತ್ತಿದ್ದ ಹಾಲಿಗೆ ನೀರು ಬೆರೆಸಿ ತೆಳ್ಳಗೆ ಮಾಡಬೇಡಿ. ಮೆತ್ತಗಿನ ಅನ್ನ-ಬೇಳೆಗೆ ಒಂದು ಚಮಚ ತುಪ್ಪ, ಮೊಸರನ್ನ, ಇಡ್ಲಿ, ರಾಗಿ ಸರಿ, ಕಿವುಚಿದ ಬಾಳೆಹಣ್ಣು, ಹೀಗೆ ರೂಢಿಯಲ್ಲಿರುವುದನ್ನೇ ಮೂರು ನಾಲ್ಕು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪವಾಗಿ ಕೊಡಿ. ಭೇದಿ ನಿಂತ ಮೇಲೆ ಎರಡು ವಾರ ದಿನಕ್ಕೊಂದು ಊಟ ಹೆಚ್ಚಿಗೆ ಕೊಟ್ಟರೆ ಕಳೆದ ತೂಕ ಮರಳುತ್ತದೆ.

ಕೆಲವು ಮಕ್ಕಳಲ್ಲಿ ಭೇದಿ ವಾರ ದಾಟಿ, ಮಲ ನೊರೆನೊರೆಯಾಗಿ ಹುಳಿ ವಾಸನೆ ಬಂದು, ಗುದದ ಸುತ್ತ ಚರ್ಮ ಕೆಂಪಾಗುತ್ತದೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಅನ್ನು ಅರಗಿಸುವ ಶಕ್ತಿ ತಾತ್ಕಾಲಿಕವಾಗಿ ಕುಗ್ಗಿದಾಗ ಹೀಗಾಗುತ್ತದೆ, ಇದು ತಾನಾಗಿ ಸರಿಹೋಗುತ್ತದೆ. ಎದೆಹಾಲನ್ನು ಇದಕ್ಕಾಗಿ ನಿಲ್ಲಿಸಬಾರದು. ಮೇಲುಹಾಲಿನ ಬಗ್ಗೆ ವೈದ್ಯರನ್ನು ಕೇಳಿ. ಭೇದಿ ಹದಿನಾಲ್ಕು ದಿನ ಮೀರಿದರೆ ಅದು ಬೇರೆ ತನಿಖೆ ಬೇಕಾದ ಕಾಯಿಲೆ.

ಹಂತ 8: ಕೊಡಬಾರದ್ದನ್ನು ಕೊಡಬೇಡಿ

ಆ್ಯಂಟಿಬಯಾಟಿಕ್‌ಗಳು ಬ್ಯಾಕ್ಟೀರಿಯಾದ ಮೇಲೆ ಕೆಲಸ ಮಾಡುತ್ತವೆ, ವೈರಸ್‌ನ ಮೇಲಲ್ಲ. ಔಷಧಿ ಅಂಗಡಿಯಲ್ಲಿ "ಲೂಸ್ ಮೋಷನ್‌ಗೆ" ಎಂದು ಕೇಳಿದರೆ ಕೈಗೆ ಸಿಗುವ, ಎರಡು ಔಷಧಿ ಸೇರಿಸಿದ ಸಿರಪ್‌ಗಳು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕೊಂದು ಭೇದಿಯನ್ನು ಲಂಬಿಸಬಹುದು. ಕರುಳಿನ ಚಲನೆಯನ್ನೇ ತಡೆಯುವ ಲೋಪೆರಮೈಡ್ ಎಳೆಯ ಮಕ್ಕಳಿಗೆ ಅಪಾಯಕಾರಿ. ಭೇದಿ ಹೊರಬರುವುದು ನಿಂತರೂ ನೀರು ಕರುಳಿನಲ್ಲೇ ತುಂಬಿಕೊಂಡು ಹೊಟ್ಟೆ ಉಬ್ಬುತ್ತದೆ. ಜಾಯಿಕಾಯಿ ತೇಯ್ದು ಹಾಕುವ ರೂಢಿ ನಮ್ಮಲ್ಲಿ ಹಳೆಯದು. ಪ್ರಮಾಣ ಹೆಚ್ಚಾದರೆ ಅದು ಮಂಪರು ತರಿಸುತ್ತದೆ, ಆಗ ಮಗು ಕಾಯಿಲೆಯಿಂದ ತೂಗಡಿಸುತ್ತಿದೆಯೋ ಜಾಯಿಕಾಯಿಯಿಂದಲೋ ಎಂದು ವೈದ್ಯರಿಗೂ ತಿಳಿಯದಂತಾಗುತ್ತದೆ. ಹೊಟ್ಟೆಗೆ ಬರೆ ಹಾಕುವ ಪದ್ಧತಿ ಎಲ್ಲಾದರೂ ಉಳಿದಿದ್ದರೆ, ದಯವಿಟ್ಟು ಆ ಮಗುವನ್ನು ಅದರಿಂದ ಕಾಪಾಡಿ.

ಜ್ವರಕ್ಕೆ ಪ್ಯಾರಾಸಿಟಮಾಲ್, ಒಂದು ಸಲಕ್ಕೆ ತೂಕದ ಪ್ರತಿ ಕಿಲೋಗೆ 15 ಮಿಲಿಗ್ರಾಂ, ಆರು ಗಂಟೆಗೊಮ್ಮೆ. ಸಿರಪ್ 5 ಮಿಲಿಗೆ 120 ಅಥವಾ 250 ಮಿಲಿಗ್ರಾಂ ಇರಬಹುದು, ಡ್ರಾಪ್ಸ್‌ನಲ್ಲಿ 1 ಮಿಲಿಗೇ 100 ಮಿಲಿಗ್ರಾಂ ಇರುತ್ತದೆ. ಬಾಟಲಿಯ ಮೇಲಿರುವುದನ್ನು ಓದದೆ ಅಳೆಯಬೇಡಿ. ನೀರು ಕಡಿಮೆಯಾಗಿರುವ ಮಗುವಿಗೆ ಐಬುಪ್ರೊಫೆನ್ ಮೂತ್ರಪಿಂಡಕ್ಕೆ ಹಾನಿ ಮಾಡಬಹುದು, ಅದನ್ನು ಬಿಡಿ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ

ವಾಂತಿ ಬಿಡದಿದ್ದರೆ ಒಂಡಾನ್‌ಸೆಟ್ರಾನ್ ಎಂಬ ಔಷಧಿಯನ್ನು ವೈದ್ಯರು ಒಂದು ಸಲ ಕೊಡಬಹುದು, ಅಥವಾ ಮೂಗಿನ ಮೂಲಕ ಸಣ್ಣ ಕೊಳವೆ ಇಳಿಸಿ ಒಆರ್‌ಎಸ್ ಹರಿಸಬಹುದು. ತೀವ್ರ ನಿರ್ಜಲೀಕರಣವಾದರೆ ರಿಂಗರ್ ಲ್ಯಾಕ್ಟೇಟ್ ಎಂಬ ಲವಣದ್ರವವನ್ನು ಕಿಲೋಗೆ 100 ಮಿಲಿಯಂತೆ ರಕ್ತನಾಳಕ್ಕೆ ಕೊಡುತ್ತಾರೆ, ಒಂದು ವರ್ಷದೊಳಗಿನ ಕೂಸಿಗೆ ಆರು ಗಂಟೆಗಳಲ್ಲಿ, ದೊಡ್ಡ ಮಗುವಿಗೆ ಮೂರು ಗಂಟೆಗಳಲ್ಲಿ. ತೀವ್ರ ಅಪೌಷ್ಟಿಕತೆಯ ಮಗುವಿಗೆ ಈ ಲೆಕ್ಕ ಬೇರೆ. ಚೆನ್ನಾಗಿ ಕುಡಿಯುತ್ತಿರುವ ಮಗುವಿಗೆ "ಒಂದು ಬಾಟಲ್ ಗ್ಲೂಕೋಸ್ ಹಾಕಿಬಿಡಿ" ಎಂದು ಒತ್ತಾಯಿಸಬೇಡಿ. ಬಾಯಿಂದ ಹೋಗುವ ಒಆರ್‌ಎಸ್ ಅಂಥ ಮಗುವಿಗೆ ಅಷ್ಟೇ ಪರಿಣಾಮಕಾರಿ, ಸೂಜಿಯ ನೋವೂ ಸೋಂಕಿನ ಭಯವೂ ಇಲ್ಲ.

ಹಂತ 9: ಮನೆಯ ಉಳಿದವರನ್ನು ಕಾಪಾಡಿ, ಲಸಿಕೆ ಹಾಕಿಸಿ

ಕೂಸಿನ ಮಲ ನಿರಪಾಯ ಎಂಬ ಭಾವನೆ ಹಲವು ಮನೆಗಳಲ್ಲಿದೆ. ವೈರಸ್ ಭೇದಿಯಾದ ಕೂಸಿನ ಮಲದ ಒಂದು ಕಣ ಸಾಕು ಇನ್ನೊಂದು ಮಗುವಿಗೆ ಹರಡಲು, ಭೇದಿ ನಿಂತ ಮೇಲೂ ಕೆಲವು ದಿನ ಮಲದಲ್ಲಿ ವೈರಸ್ ಹೊರಬರುತ್ತಲೇ ಇರುತ್ತದೆ. ಲಂಗೋಟಿ ಬದಲಿಸಿದ ಪ್ರತಿ ಸಲವೂ, ತುತ್ತು ತಿನ್ನಿಸುವ ಮುನ್ನವೂ ಸಾಬೂನಿನಿಂದ ಕೈ ತೊಳೆಯಿರಿ. ನೋರೊವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ಬಗ್ಗುವುದಿಲ್ಲ. ಮಲವನ್ನು ಶೌಚಾಲಯಕ್ಕೇ ಹಾಕಿ, ಅಂಗಳಕ್ಕೋ ಚರಂಡಿಗೋ ಅಲ್ಲ. ಭೇದಿ ನಿಂತು ಎರಡು ದಿನ ಕಳೆಯುವವರೆಗೆ ಮಗುವನ್ನು ಅಂಗನವಾಡಿಗೆ ಕಳಿಸಬೇಡಿ.

ರೋಟಾವೈರಸ್ ಲಸಿಕೆ 2016ರಲ್ಲಿ ನಾಲ್ಕು ರಾಜ್ಯಗಳಲ್ಲಿ ಸರ್ಕಾರಿ ಲಸಿಕಾ ಕಾರ್ಯಕ್ರಮಕ್ಕೆ ಸೇರಿ, 2019ರಲ್ಲಿ ದೇಶದೆಲ್ಲೆಡೆಗೆ ವಿಸ್ತರಿಸಿತು. ಬಾಯಿಗೆ ಹಾಕುವ ಈ ಲಸಿಕೆಯನ್ನು ಆರು, ಹತ್ತು ಮತ್ತು ಹದಿನಾಲ್ಕನೆಯ ವಾರದಲ್ಲಿ, ಪೋಲಿಯೊ ಹನಿ ಮತ್ತು ಪೆಂಟಾವೇಲೆಂಟ್ ಚುಚ್ಚುಮದ್ದಿನ ದಿನವೇ, ಉಚಿತವಾಗಿ ಕೊಡುತ್ತಾರೆ. ಎಲ್ಲ ಭೇದಿಯನ್ನೂ ಇದು ತಡೆಯುವುದಿಲ್ಲ. ರೋಟಾವೈರಸ್‌ನಿಂದ ಆಸ್ಪತ್ರೆ ಸೇರುವಷ್ಟು ತೀವ್ರವಾಗುವುದನ್ನು ಬಹುಮಟ್ಟಿಗೆ ತಡೆಯುತ್ತದೆ. ಹಿಂದೆ ಕರುಳು ಒಂದರೊಳಗೊಂದು ಸೇರಿಕೊಂಡ ತೊಂದರೆಯಾಗಿದ್ದರೆ ಲಸಿಕೆ ಹಾಕುವವರಿಗೆ ಮೊದಲೇ ತಿಳಿಸಿ, ಅಂಥ ಮಗುವಿಗೆ ಇದನ್ನು ಕೊಡುವುದಿಲ್ಲ. ಮೊದಲ ಡೋಸ್ ತಪ್ಪಿಹೋಗಿದ್ದರೆ ಮಗುವಿಗೆ ಒಂದು ವರ್ಷ ತುಂಬುವುದರೊಳಗೆ ಶುರುಮಾಡಲು ಅವಕಾಶವಿದೆ. ತಾಯಿ ಕಾರ್ಡ್ ತೆಗೆದು ಈ ಮೂರು ಕಡೆಯೂ ದಿನಾಂಕ ಬಿದ್ದಿದೆಯೇ ನೋಡಿ, ಬಿದ್ದಿಲ್ಲದಿದ್ದರೆ ಮುಂದಿನ ಲಸಿಕಾ ದಿನ ಯಾವಾಗ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ.